ಎತ್ತರಿಸಿದ ಜಿಪ್ಸಿ

ಹಳೆಯ ಮಾರುತಿ ಜಿಪ್ಸಿಯೊಂದರ ಮಾರಾಟದ ಜಾಹೀರಾತು ಬೆಳಗ್ಗೆ ಬೆಳಗ್ಗೆಯೇ ತಲೆ ಕೆಡಿಸಿತು. ಗಾಡಿಯನ್ನು 4 ಇಂಚು ಎತ್ತರಿಸಿದೆಯಂತೆ, 31 ಇಂಚಿನ ಟೈರು ಹಾಕಿದೆಯಂತೆ. ಮುಂದೆ ಕಬ್ಬಿಣದ ಬಂಪರ್, ಅದರ ಮೇಲೆ ವಿಂಚ್, ತಲೆಯ ಮೇಲೆ ಎಲ್‌ಇಡಿ ದೀಪಗಳ ಸಾಲು, ಪಕ್ಕದಲ್ಲಿ ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ. ಎಲ್ಲವನ್ನೂ ಮನೆಯಂಗಳದಲ್ಲೇ ಮಾಡಿದ್ದು, ಕಾಡುದಾರಿಗೆ ಪೂರ್ತಿ ಸಿದ್ಧ ಎಂದು ಬರೆದಿತ್ತು. ಇಷ್ಟುದ್ದದ ಪಟ್ಟಿಯಲ್ಲಿ ಬ್ರೇಕಿನ ಬಗ್ಗೆ ಒಂದಕ್ಷರವಿಲ್ಲ. ಸ್ಟಿಯರಿಂಗ್ ಜಾಯಿಂಟುಗಳನ್ನು ಯಾವಾಗ ಬದಲಿಸಿದ್ದು, ಚಾಸಿ ಎಲ್ಲಿ ತುಕ್ಕು ಹಿಡಿದಿದೆ, ಆಕ್ಸಲ್ ಸೀಲುಗಳ ಗತಿಯೇನು ಎಂಬುದೂ ಇಲ್ಲ. ಇಂಥ ಪಟ್ಟಿಗಳು ಎಲ್ಲ ಕಡೆಯೂ ಹೀಗೇ ಇರುತ್ತವೆ. ಕಣ್ಣಿಗೆ ಬೀಳುವುದಕ್ಕೆಲ್ಲ ಅದರಲ್ಲಿ ಜಾಗವಿರುತ್ತದೆ, ಗಾಡಿಯನ್ನು ಹಿಡಿದು ನಿಲ್ಲಿಸುವುದಕ್ಕೆ ಮಾತ್ರ ಇರುವುದಿಲ್ಲ. ಹಳೆಯ ಗಾಡಿಯನ್ನು ಒರಟು ದಾರಿಗೆ ಹದಗೊಳಿಸುವುದೆಂದರೆ ಅದನ್ನು ಆಕಾಶದ ಕಡೆಗೆ ಏರಿಸುವುದಲ್ಲ, ನಾಲ್ಕು ಚಕ್ರಗಳೂ ನೆಲ ಬಿಡದಂತೆ ನೋಡಿಕೊಳ್ಳುವುದು. ನನ್ನ ವಾದ ಇಷ್ಟೇ. ಆದರೆ ಇಷ್ಟನ್ನು ಒಪ್ಪಿಸುವುದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ.

ಜಿಪ್ಸಿಯೇ ಯಾಕೆ ಎಂದರೆ, ಮನೆಯಲ್ಲಿ ಕೈ ಹಾಕಲು ಅದಕ್ಕಿಂತ ಸಲೀಸಾದ ಗಾಡಿ ನಮ್ಮಲ್ಲಿ ಕಡಿಮೆ. 1985ರ ಕೊನೆಗೆ 970 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್ನಿನೊಂದಿಗೆ ಬಂದದ್ದು, 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಆಯಿತು. ಎಂಜಿನ್ ಬದಲಾದರೂ ಕೆಳಗಿನ ಅಸ್ಥಿಪಂಜರ ಬದಲಾಗಲಿಲ್ಲ. ಗಟ್ಟಿ ಚಾಸಿ, ಹಿಂದೆಯೂ ಮುಂದೆಯೂ ಒಂದೇ ತುಂಡಿನ ಆಕ್ಸಲ್, ನಾಲ್ಕು ಮೂಲೆಗೂ ಕಮಾನು ಪಟ್ಟಿಯ ಸ್ಪ್ರಿಂಗು, ಕೈಯಲ್ಲಿ ಎಳೆದು ಹಾಕುವ ಫೋರ್ ವೀಲ್ ಮತ್ತು ಲೋ ಗೇರ್. ತೂಕ ಒಂದು ಟನ್ನಿನ ಆಸುಪಾಸು. ಒಂದು ಒಳ್ಳೆಯ ಜಾಕ್, ಅದಕ್ಕಿಂತ ಮುಖ್ಯವಾಗಿ ಜಾಕ್ ಜಾರಿದರೂ ಗಾಡಿಯನ್ನು ಹೊರುವ ಎರಡು ಗಟ್ಟಿ ಸ್ಟ್ಯಾಂಡು, ಸ್ಪ್ಯಾನರುಗಳ ಒಂದು ಸೆಟ್ಟು, ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚು ಇದ್ದರೆ ಮುಕ್ಕಾಲು ಭಾಗ ಕೆಲಸ ಅಂಗಳದಲ್ಲೇ ಮುಗಿಯುತ್ತದೆ. ಲ್ಯಾಪ್‌ಟಾಪ್ ಚುಚ್ಚಿ ಕಾಯಿಲೆ ಕೇಳಬೇಕಾದ ಇಂದಿನ ಗಾಡಿಗಳಿಗೆ ಇಲ್ಲದ ಈ ಸರಳತೆಯೇ ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಬಾಗಿಲು ತೆರೆದಿಟ್ಟಿದೆ.

ಮೊದಲು ಎತ್ತರದ ವಿಚಾರ. ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಆಕ್ಸಲ್ಲಿನ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ಲಿನ ಗುಂಡು. ಬಂಡೆಗೆ ಬಡಿಯುವುದೂ ಅದೇ, ಚಕ್ರ ಕೊರೆದ ಎರಡು ಹಳಿಗಳ ನಡುವಿನ ದಿಬ್ಬದ ಮೇಲೆ ಕೂತುಬಿಡುವುದೂ ಅದೇ. ಸ್ಪ್ರಿಂಗಿಗೆ ಪಟ್ಟಿ ಸೇರಿಸಿ, ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಶಾಕಲ್ ಉದ್ದ ಮಾಡಿ, ಇಲ್ಲವೇ ಆಕ್ಸಲ್ಲಿನ ಕೆಳಗಿದ್ದ ಸ್ಪ್ರಿಂಗನ್ನು ಮೇಲೆ ಕೂರಿಸಿ ಗಾಡಿಯನ್ನು ನಾಲ್ಕೈದು ಇಂಚು ಎತ್ತರಿಸಿದರೆ ಏರುವುದು ಚಾಸಿ ಮತ್ತು ಮೈ ಮಾತ್ರ. ಆ ಗುಂಡು ಇದ್ದಲ್ಲೇ ಇರುತ್ತದೆ, ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರೊಂದೇ. ಕಂಪನಿಯ 205/70 ಆರ್15 ಟೈರಿನ ವ್ಯಾಸ ಸುಮಾರು 67 ಸೆಂಟಿಮೀಟರ್, 31 ಇಂಚಿನದು ಸುಮಾರು 79. ವ್ಯತ್ಯಾಸ 12, ಆಕ್ಸಲ್ಲಿಗೆ ದಕ್ಕುವುದು ಅದರ ಅರ್ಧ, ಅಂದರೆ 6 ಸೆಂಟಿಮೀಟರ್. ಎತ್ತರಿಸುವ ಇಡೀ ಸಂಭ್ರಮದಿಂದ ಬಂಡೆಯ ಎದುರು ಸಿಗುವ ಲಾಭ ಈ ಆರು ಸೆಂಟಿಮೀಟರ್, ಅದೂ ಟೈರಿನ ದೆಸೆಯಿಂದ. ಚಾಸಿ ಏರಿಸಿದ್ದು ಬಹುಪಾಲು ಆ ಟೈರು ಮಡ್‌ಗಾರ್ಡಿಗೆ ತಗಲದಿರಲಿ ಎಂದು.

ಈ ಆರು ಸೆಂಟಿಮೀಟರಿಗೆ ಕೊಡುವ ಬೆಲೆ ಕಡಿಮೆಯದಲ್ಲ. ಚಕ್ರದ ವ್ಯಾಸ ನೂರಕ್ಕೆ ಹದಿನೇಳೋ ಹದಿನೆಂಟೋ ಹೆಚ್ಚಿತೆಂದರೆ ಎಂಜಿನ್ನಿನ ಎಳೆತ ನೆಲ ಮುಟ್ಟುವಾಗ ನೂರಕ್ಕೆ ಹದಿನೈದರಷ್ಟು ತಗ್ಗುತ್ತದೆ. ಮೊದಲೇ ಕಡಿಮೆ ಕಸುವಿನ ಎಂಜಿನ್ ಏರಿನಲ್ಲಿ ಇನ್ನಷ್ಟು ಏದುಸಿರು ಬಿಡುತ್ತದೆ. ಬ್ರೇಕಿನ ಹಿಡಿತವೂ ಅಷ್ಟೇ ತಗ್ಗುತ್ತದೆ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಪೀಡೋಮೀಟರು 60 ತೋರಿಸುವಾಗ ಗಾಡಿ 70ರಲ್ಲಿ ಓಡುತ್ತಿರುತ್ತದೆ. ಶಾಕಲ್ ಉದ್ದವಾದರೆ ಮುಂದಿನ ಆಕ್ಸಲ್ ತಿರುಚಿಕೊಂಡು ಕ್ಯಾಸ್ಟರ್ ಕೋನ ಕೆಡುತ್ತದೆ; ತಿರುವಿನ ಬಳಿಕ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದು ಆ ಕೋನದ ಪುಣ್ಯದಿಂದ. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳು ಕಡಿದಾದ ಕೋನದಲ್ಲಿ ತಿರುಗಬೇಕಾಗಿ ಬೇಗ ಸವೆಯುತ್ತವೆ. ಸ್ಪ್ರಿಂಗು ಆಕ್ಸಲ್ಲಿನ ಮೇಲೇರಿದರೆ ಸ್ಟಿಯರಿಂಗಿನ ಅಡ್ಡಕಡ್ಡಿ ಅದಕ್ಕೆ ಬಡಿಯುತ್ತದೆ, ಅದನ್ನೂ ಬದಲಿಸಬೇಕು. ಬ್ರೇಕಿನ ರಬ್ಬರ್ ಹೋಸುಗಳು ಚಕ್ರ ಪೂರ್ತಿ ಕೆಳಗಿಳಿದಾಗ ಬಿಗಿದು ನಿಲ್ಲುತ್ತವೆ, ಅವನ್ನೂ ಉದ್ದ ಮಾಡಬೇಕು. ಇದೆಲ್ಲ ಮಾಡಿದ ಮೇಲೂ ಒಂದು ಉಳಿಯುತ್ತದೆ, ಗುರುತ್ವಕೇಂದ್ರ. ಜಿಪ್ಸಿಯ ಎರಡು ಚಕ್ರಗಳ ನಡುವಿನ ಅಗಲ ಸುಮಾರು 130 ಸೆಂಟಿಮೀಟರ್, ಅರ್ಧ 65. ಲೆಕ್ಕಕ್ಕೆಂದು ಗುರುತ್ವಕೇಂದ್ರ 65 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ ನಿಂತ ಗಾಡಿ 45 ಡಿಗ್ರಿ ವಾಲುವವರೆಗೂ ತಡೆಯುತ್ತದೆ. 75ಕ್ಕೆ ಏರಿಸಿದರೆ 41 ಡಿಗ್ರಿಗೇ ಮಗುಚುತ್ತದೆ. ಓಡುವ ಗಾಡಿ, ಕುಗ್ಗುವ ಸ್ಪ್ರಿಂಗು, ಕುಸಿಯುವ ಮಣ್ಣು ಸೇರಿದರೆ ಅಷ್ಟೂ ಉಳಿಯುವುದಿಲ್ಲ. ಜಿಪ್ಸಿಯ ಒಡಹುಟ್ಟಾದ ಸುಜುಕಿ ಸಮುರಾಯ್ ಸುಲಭವಾಗಿ ಮಗುಚುತ್ತದೆಂದು ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 1988ರಲ್ಲಿ ಬರೆದು ದೊಡ್ಡ ಗಲಾಟೆಯಾಯಿತು. ಆ ಪರೀಕ್ಷೆಯೇ ಸರಿಯಿಲ್ಲವೆಂದು ಕಂಪನಿ 1996ರಲ್ಲಿ ದಾವೆ ಹೂಡಿತು, 2004ರಲ್ಲಿ ರಾಜಿಯಾಯಿತು. ಯಾರು ಸರಿ ಎಂಬುದು ಬೇರೆ ಮಾತು. ಅವರು ಜಗಳವಾಡಿದ್ದು ಕಾರ್ಖಾನೆಯಿಂದ ಬಂದ ಎತ್ತರದ ಬಗ್ಗೆ ಎಂಬುದನ್ನು ಮಾತ್ರ ಮರೆಯಬಾರದು.

ಇದಕ್ಕೆ ಬರುವ ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಆಳವಾಗಿ ಕೊರೆದ ಹಳಿಯಲ್ಲಿ ಬರೀ ಡಿಫರೆನ್ಷಿಯಲ್ ಅಲ್ಲ, ಚಾಸಿಯ ಹೊಟ್ಟೆಯೂ ಉಜ್ಜುತ್ತದೆ. ದಿಬ್ಬದ ನೆತ್ತಿ ದಾಟುವಾಗ ಮುಂದಿನ ಹಿಂದಿನ ಚಕ್ರಗಳ ನಡುವೆ ಹೊಟ್ಟೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಎತ್ತರ ಬೇಕೇಬೇಕು ಎನ್ನುತ್ತಾರೆ. ನಿಜ. ದಣಿದು ಚಪ್ಪಟೆಯಾದ ಹಳೆಯ ಪಟ್ಟಿಗಳನ್ನು ಬದಲಿಸಿ, ಒಂದೂವರೆ ಎರಡು ಇಂಚು ಗಳಿಸಿ, ಅದಕ್ಕೆ ಹೊಂದುವ ಒಂದು ಸೈಜು ದೊಡ್ಡ ಟೈರು ಹಾಕಿದರೆ ನನ್ನ ತಕರಾರಿಲ್ಲ. ಆದರೆ ಎತ್ತರಕ್ಕಾಗಿ ಪಟ್ಟಿಯ ಮೇಲೆ ಪಟ್ಟಿ ಪೇರಿಸುವವರು ಸ್ಪ್ರಿಂಗನ್ನು ಗಡುಸು ಮಾಡುತ್ತಾರೆ. ಗಡುಸು ಸ್ಪ್ರಿಂಗು ಹೊಂಡಕ್ಕೆ ಇಳಿಯಬೇಕಾದ ಚಕ್ರವನ್ನು ಗಾಳಿಯಲ್ಲಿ ನೇತುಹಾಕುತ್ತದೆ. ಲಾಕ್ ಇಲ್ಲದ ಡಿಫರೆನ್ಷಿಯಲ್ಲಿನ ಗುಣವೆಂದರೆ, ಗಾಳಿಯಲ್ಲಿ ನಿಂತ ಚಕ್ರ ಗಿರ್ರನೆ ತಿರುಗುತ್ತದೆ, ನೆಲದ ಮೇಲಿನದು ಸುಮ್ಮನಿರುತ್ತದೆ. ಹೀಗೆ ಎತ್ತರಕ್ಕೆಂದು ಮಾಡಿದ್ದೇ ನಡೆಗೆ ಅಡ್ಡಿಯಾಗುತ್ತದೆ. ಅದಕ್ಕಿಂತ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ತುಕ್ಕು ಕೆರೆದು, ನಡುವೆ ಗ್ರೀಸು ಸವರಿ, ಹೊಸ ಯು-ಬೋಲ್ಟಿನಿಂದ ಕಟ್ಟಿ, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ಬಿಗಿ ನೋಡಿದರೆ ಅದೇ ಹಳೆಯ ಸ್ಪ್ರಿಂಗು ಚಕ್ರವನ್ನು ಹೊಂಡದೊಳಕ್ಕೆ ಸರಾಗವಾಗಿ ಇಳಿಸುತ್ತದೆ. ಗೋವಾದಲ್ಲಿ 2014ರಿಂದ ನಡೆಯುತ್ತಿರುವ ರೈನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಯ ಗಾಡಿಗಳನ್ನು ಈ ಮಾತಿಗೆ ಎಳೆದು ತರಬಾರದು. ಅವು ಒಳಗೆ ಪಂಜರ ಕಟ್ಟಿಕೊಂಡು, ಮಗುಚಿದರೂ ಎದ್ದು ಹೋಗುವಂತೆ ಸಿದ್ಧವಾಗಿ ಬರುವಂಥವು. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಅವು ಮಾದರಿಯಲ್ಲ.

ಇನ್ನು ಟೈರಿನ ಗಾಳಿಯ ವಿಚಾರಕ್ಕೆ ಬರುತ್ತೇನೆ. ಇದರ ಬಗ್ಗೆ ನನಗೆ ಎಷ್ಟು ಹೇಳಿದರೂ ಸಾಲದು. ಕಾಡುದಾರಿಗೆ ಮಾಡಬಹುದಾದ ಮಾರ್ಪಾಡುಗಳಲ್ಲೆಲ್ಲ ಶ್ರೇಷ್ಠವಾದದ್ದಕ್ಕೆ ಬೇಕಾದ ಸಲಕರಣೆ ಟೈರಿನ ಗಾಳಿ ಅಳೆಯುವ ಒಂದು ಒಳ್ಳೆಯ ಗೇಜು ಮತ್ತು ಗಾಡಿಯ ಬ್ಯಾಟರಿಯಿಂದ ಓಡುವ ಒಂದು ಪುಟ್ಟ ಕಂಪ್ರೆಸರ್. ಲೆಕ್ಕ ನೋಡಿ. ಒಂದು ಟನ್ ಗಾಡಿ, ಚಕ್ರವೊಂದರ ಮೇಲೆ 250 ಕಿಲೋ. ಟೈರಿನಲ್ಲಿ 26 ಪೌಂಡ್ ಗಾಳಿ ಇದ್ದರೆ ಆ ಭಾರ ಹೊರಲು ನೆಲವನ್ನು ತಬ್ಬುವ ರಬ್ಬರಿನ ಜಾಗ ಸುಮಾರು 140 ಚದರ ಸೆಂಟಿಮೀಟರ್. ಗಾಳಿಯನ್ನು 15 ಪೌಂಡಿಗೆ ಇಳಿಸಿದರೆ ಅದೇ ಟೈರು ಸುಮಾರು 240 ಚದರ ಸೆಂಟಿಮೀಟರ್ ನೆಲ ಹಿಡಿಯುತ್ತದೆ. ಟೈರಿನ ಗೋಡೆಯ ಗಡಸುತನದಿಂದ ಅಂಕಿ ಆಚೀಚೆ ಆಗಬಹುದು, ದಿಕ್ಕು ಬದಲಾಗುವುದಿಲ್ಲ. ಹೆಚ್ಚಿದ ಜಾಗ ಅಗಲಕ್ಕಿಂತ ಉದ್ದಕ್ಕೆ ಹರಡುತ್ತದೆ. ಮುಂದೆ ಕೆಸರನ್ನು ದೂಡುವ ಎದೆ ಅಷ್ಟೇ ಇದ್ದು, ಹಿಂದಕ್ಕೆ ಒದೆಯುವ ಪಾದ ಮಾತ್ರ ಉದ್ದವಾಗುತ್ತದೆ. ಮೆತ್ತಗಾದ ಟೈರು ಕಲ್ಲಿನ ಅಂಚಿಗೆ ಬಡಿದು ಪುಟಿಯುವುದಿಲ್ಲ, ಕಲ್ಲನ್ನು ತನ್ನೊಳಗೆ ತಗ್ಗಿಸಿಕೊಂಡು ದಾಟುತ್ತದೆ. ಕಂಬಳಿ ಹಾಸಿದಂತೆ ಬಿದ್ದ ಒಣ ಎಲೆ, ಒದ್ದೆ ಬೇರು, ಜಂಬಿಟ್ಟಿಗೆಯ ಮೇಲಿನ ಪಾಚಿ, ಎಲ್ಲ ಕಡೆಯೂ ಹಿಡಿತ ಹೆಚ್ಚುತ್ತದೆ. ಸಾವಿರಾರು ರೂಪಾಯಿಯ ಮಡ್ ಟೈರು ಹಾಕಿ ಅದರಲ್ಲಿ ಹೆದ್ದಾರಿಯ ಗಾಳಿ ತುಂಬಿಕೊಂಡು ಏರಿನಲ್ಲಿ ಚಕ್ರ ಸುತ್ತಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬೇಕಾದ ಹಿಡಿತ ಅವರ ಟೈರಿನೊಳಗೇ ಇದೆ. ವಾಲ್ವಿನ ಮುಚ್ಚಳ ತೆಗೆದು ಒಂದು ನಿಮಿಷ ಪಿನ್ನು ಒತ್ತಿ ಹಿಡಿಯಬೇಕು, ಅಷ್ಟೇ.

ಗಾಳಿ ಇಳಿಸಿದರೆ ಟೈರು ಹಾಳಾಗುತ್ತದೆ, ರಿಮ್ಮಿನಿಂದ ಕಳಚಿಕೊಳ್ಳುತ್ತದೆ ಎಂದು ಹೆದರುವವರಿದ್ದಾರೆ. ಹತ್ತು ಹನ್ನೆರಡು ಪೌಂಡಿಗಿಂತ ಕೆಳಕ್ಕೆ ಹೋಗಿ, ಸ್ಟಿಯರಿಂಗನ್ನು ಎರ್ರಾಬಿರ್ರಿ ತಿರುಗಿಸಿದರೆ ಕಳಚೀತು. ಕಡಿಮೆ ಗಾಳಿಯಲ್ಲಿ ಡಾಂಬರು ರಸ್ತೆಯ ಮೇಲೆ ವೇಗವಾಗಿ ಓಡಿಸಿದರೆ ಟೈರಿನ ಗೋಡೆ ಬಿಸಿಯೇರಿ ಸಿಡಿದೀತು. ಎರಡೂ ನಿಜ, ಎರಡಕ್ಕೂ ಮದ್ದೂ ಇದೆ: ಒರಟು ದಾರಿಯಲ್ಲಿ ನಡಿಗೆಯ ವೇಗ, ಡಾಂಬರಿಗೆ ಬರುವ ಮುನ್ನ ಮತ್ತೆ ಗಾಳಿ. ಇನ್ನೂ ಕೆಲವರು ಮಲೆನಾಡಿನ ಮಳೆಗಾಲದ ಕೆಮ್ಮಣ್ಣಿನಲ್ಲಿ ಗಾಳಿಯ ಆಟ ನಡೆಯದು ಎನ್ನುತ್ತಾರೆ. ಈ ಮಾತಿಗೆ ತೂಕವಿದೆ. ಜಿಗುಟು ಮಣ್ಣು ಟೈರಿನ ಗೀರುಗಳಲ್ಲಿ ತುಂಬಿಕೊಂಡರೆ ಯಾವ ಟೈರೂ ನುಣುಪು ಉರುಳೆಯೇ. ಅದಕ್ಕೇ ಅಲ್ಲಿನ ಜೀಪಿನವರು ಮಳೆಗಾಲದಲ್ಲಿ ಚಕ್ರಕ್ಕೆ ಚೈನು ಕಟ್ಟುವ ರೂಢಿ ಇಟ್ಟುಕೊಂಡಿರುವುದು. ಆದರೆ ಆ ಜೀಪುಗಳನ್ನೇ ಕಣ್ಣು ಬಿಟ್ಟು ನೋಡಬೇಕು. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಕಲ್ಲು ಗುಂಡಿಗಳ ದಾರಿಯಲ್ಲಿ ಜನ ತುಂಬಿಕೊಂಡು ಏರುವ ಹಳೆಯ ಮಹೀಂದ್ರಾಗಳಾಗಲಿ, ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ ಹತ್ತುವ ಜೀಪುಗಳಾಗಲಿ ತಲೆಯ ಮೇಲೆ ದೀಪದ ಸಾಲು ಹೊತ್ತು ಮೆರೆಯುವಂಥವಲ್ಲ. ಸಾದಾ ಸ್ಪ್ರಿಂಗು, ಸಾದಾ ಟೈರು, ಲೋ ಗೇರು. ಉಳಿದದ್ದು ಚಾಲಕನ ಕಾಲಲ್ಲಿ ಮತ್ತು ಸಂಜೆ ಗಾಡಿ ನಿಲ್ಲಿಸಿದ ಮೇಲೆ ಅದರಡಿಗೆ ಇಣುಕುವ ಅಭ್ಯಾಸದಲ್ಲಿ. ಹೊಟ್ಟೆಪಾಡಿಗೆ ಗಾಡಿ ಹತ್ತಿಸುವವರು ಅನವಶ್ಯಕವಾದದ್ದಕ್ಕೆ ದುಡ್ಡು ಹಾಕುವುದಿಲ್ಲ. ಅವರು ಹಾಕದೇ ಬಿಟ್ಟದ್ದೂ ನನ್ನ ವಾದಕ್ಕೆ ಸಾಕ್ಷಿಯೇ.

ಅಡಿಗೆ ಇಣುಕುವ ಮಾತು ಬಂದಾಗ ವಚನಕಾರ ಜೇಡರ ದಾಸಿಮಯ್ಯ ನೆನಪಾಗುತ್ತಾನೆ. ಅವನ ವಚನವೊಂದು ಬಂಡಿಯ ಕಡೆಗೀಲನ್ನು ಶರಣರ ಮಾತಿಗೆ ಹೋಲಿಸುತ್ತದೆ. ನೇಯುವ ಕಾಯಕದವನು ಬಂಡಿಯನ್ನು ನೋಡಿದಾಗ ಅವನ ಕಣ್ಣು ಹೋದದ್ದು ಎತ್ತಿನ ಕೋಡಿಗೋ ಬಂಡಿಯ ಅಲಂಕಾರಕ್ಕೋ ಅಲ್ಲ, ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ತಡೆಯುವ ಬೆರಳುದ್ದದ ಕಬ್ಬಿಣದ ಮೇಲೆ. ಬಂಡಿ ಹೊಡೆಯುವವರಿಗೂ ಅದೇ ದೃಷ್ಟಿ ಇತ್ತು. ಬಂಡಿಯಡಿಯಲ್ಲಿ ಕೀಲೆಣ್ಣೆಯ ಗೊಟ್ಟ ತೂಗುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಆ ಕಪ್ಪು ಎಣ್ಣೆ ಅಚ್ಚಿಗೆ ಸವರದೆ ದೂರದ ಪಯಣ ಹೊರಡುತ್ತಿರಲಿಲ್ಲ. ಬಂಡಿಯ ಚಕ್ರ ಎಷ್ಟು ದೊಡ್ಡದಿತ್ತೆಂದರೆ ಇಂದಿನ 31 ಇಂಚು ಅದರ ಮುಂದೆ ಮಗು. ಅಷ್ಟು ದೊಡ್ಡ ಚಕ್ರ ಕಲ್ಲು ಗುಂಡಿಗಳನ್ನು ದಾಟುವುದರಲ್ಲಿ ಗಟ್ಟಿಗ ಎಂಬುದು ಅವರಿಗೂ ತಿಳಿದಿತ್ತು, ಆದರೂ ಬಂಡಿಯ ಯೋಗಕ್ಷೇಮವನ್ನು ಅವರು ಕಾಯುತ್ತಿದ್ದುದು ಕೀಲಿನಲ್ಲಿ ಮತ್ತು ಎಣ್ಣೆಯಲ್ಲಿ.

ಜಿಪ್ಸಿಯ ಕಡೆಗೀಲುಗಳೂ ಹೀಗೆಯೇ ಕಣ್ಣಿಗೆ ಬೀಳದ ಜಾಗದಲ್ಲಿವೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಾಡಿಸಿದಾಗ ಟಕ್ ಟಕ್ ಎಂದು ಸಡಿಲ ಸಿಕ್ಕಿದರೆ, ಚಕ್ರ ಎಡಬಲಕ್ಕೆ ಹೊರಳುವ ಕಿಂಗ್‌ಪಿನ್ನಿನದೋ ಚಕ್ರದ್ದೋ ಬೇರಿಂಗು ಸವೆದಿದೆ ಎಂದರ್ಥ. ಅದರ ಮೇಲೆ ದೊಡ್ಡ ಟೈರು ಹಾಕಿದರೆ ಒಂದು ವೇಗಕ್ಕೆ ಬಂದೊಡನೆ ಸ್ಟಿಯರಿಂಗು ಕೈಯಲ್ಲಿ ನಡುಗಲು ಶುರುವಾಗುತ್ತದೆ. ಸ್ಪ್ರಿಂಗು ಚಾಸಿಗೆ ಸೇರುವ ಜಾಗವನ್ನು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ, ಒಳಗೆ ತುಕ್ಕು ತಿಂದದ್ದು ದಬ್ ಎನ್ನುತ್ತದೆ; ದಬ್ ಎಂದ ಕಡೆ ಬಣ್ಣವಲ್ಲ, ವೆಲ್ಡಿಂಗ್ ಬೇಕು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆಕ್ಸಲ್ಲಿನ ಬ್ರೀದರ್. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಹೋಗಲೆಂದು ಆಕ್ಸಲ್ಲಿನ ನೆತ್ತಿಯಲ್ಲಿ ಒಂದು ಸಣ್ಣ ರಂಧ್ರ ಬಿಟ್ಟಿರುತ್ತಾರೆ. ಗಾಡಿ ದೂರ ಓಡಿ ಬಿಸಿಯಾದ ಆಕ್ಸಲ್ ತಟಕ್ಕನೆ ಹಳ್ಳದ ತಣ್ಣೀರಿಗೆ ಇಳಿದರೆ ಆ ಗಾಳಿ ಕುಗ್ಗುತ್ತದೆ, ಖಾಲಿಯಾದ ಜಾಗಕ್ಕೆ ಬ್ರೀದರಿನಿಂದಲೋ ಹಳೆಯ ಸೀಲಿನ ಅಂಚಿನಿಂದಲೋ ನೀರು ಒಳಗೆ ನುಗ್ಗುತ್ತದೆ. ಮರುವಾರ ಡ್ರೈನ್ ಬೋಲ್ಟು ಬಿಚ್ಚಿದರೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿ ಇಳಿಯುತ್ತದೆ. ಆ ಎಣ್ಣೆಯಲ್ಲೇ ಓಡಿಸಿದರೆ ಕ್ರೌನ್ ಪಿನಿಯನ್ನಿನ ಆಯುಸ್ಸು ಮುಗಿದಂತೆ. ಒಂದು ಮೀಟರಿನಷ್ಟು ರಬ್ಬರ್ ಕೊಳವೆ, ಎರಡು ಕ್ಲಿಪ್ಪು ತಂದು ಆ ರಂಧ್ರವನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ ಒಯ್ದು ಕಟ್ಟಿದರೆ ಕೆಲಸ ಮುಗಿಯಿತು. ಹಿಂದಿನ ಆಕ್ಸಲ್ಲಿಗೆ ಕೊಳವೆ ಇನ್ನೂ ಸ್ವಲ್ಪ ಉದ್ದ ಬೇಕಾದೀತು. ಸ್ನಾರ್ಕೆಲ್ ಹಾಕಿ ಬ್ರೀದರನ್ನು ಇದ್ದಲ್ಲೇ ಬಿಟ್ಟ ಜಿಪ್ಸಿಯ ಎಂಜಿನ್ ನೀರಿನಿಂದ ಉಳಿಯಬಹುದು, ಆಕ್ಸಲ್ ಉಳಿಯುವುದಿಲ್ಲ. ಸ್ನಾರ್ಕೆಲ್ ಬೇಕಾಗುವಷ್ಟು ಆಳದ ಮಳೆಗಾಲದ ಹಳ್ಳಕ್ಕೆ ಒಂದು ಟನ್ನಿನ ಹಗುರ ಗಾಡಿಯನ್ನು ಇಳಿಸುವುದೇ ತಪ್ಪು. ಹರಿವು ಅದನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ.

ಕಾನೂನಿನ ಮಾತು ಎಲ್ಲರಿಗೂ ಗೊತ್ತಿರುವಂಥದ್ದು, ಉದ್ದ ಎಳೆಯುವುದಿಲ್ಲ. ಕಬ್ಬಿಣದ ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆಯಿತು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಎರಡನ್ನೂ ಸೇರಿಸಿಯೋ ಇಟ್ಟಿತು. ಹದಿನೈದು ವರ್ಷ ದಾಟಿದ ಗಾಡಿ ನೋಂದಣಿ ನವೀಕರಣಕ್ಕೆ ಆರ್‌ಟಿಒ ಎದುರು ನಿಲ್ಲಲೇಬೇಕು. ಬೇರಿಂಗು, ಸೀಲು, ಬ್ರೇಕು, ಬ್ರೀದರಿನ ಕೊಳವೆ ಬದಲಿಸಿದವನಿಗೆ ಅಲ್ಲಿ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ. ಹಾಗಾದರೆ ಕಟ್ಟುವ ಸಂತೋಷಕ್ಕೆ ಬೆಲೆಯೇ ಇಲ್ಲವೇ, ತನ್ನ ಗಾಡಿ ತನ್ನಂತೆ ಕಾಣಬೇಕೆಂಬ ಆಸೆ ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಕೈಗೆ ಗ್ರೀಸು ಮೆತ್ತಿಕೊಂಡು ಒಂದು ಯಂತ್ರವನ್ನು ಅರಿಯುವ ಸಂತೋಷ ದೊಡ್ಡದು. ಆದರೆ ಪೆಟ್ಟಿಗೆಯಿಂದ ತೆಗೆದ ಕಿಟ್ಟನ್ನು ಬೋಲ್ಟು ಹಾಕಿ ಕೂರಿಸುವುದರಲ್ಲಿ ಆ ಅರಿವು ಸಿಗುವುದು ಕಡಿಮೆ. ಕಿಂಗ್‌ಪಿನ್ನಿನ ಶಿಮ್ ಎಂಬ ತೆಳು ತಗಡುಗಳನ್ನು ಒಂದೊಂದಾಗಿ ತೆಗೆದು, ಸ್ಟಿಯರಿಂಗ್ ಎಷ್ಟು ಬಿಗಿಯಾಗಿ ತಿರುಗಬೇಕೆಂಬುದನ್ನು ಬೆರಳಲ್ಲಿ ಕಂಡುಕೊಳ್ಳುವುದರಲ್ಲಿ ಧಾರಾಳವಾಗಿ ಸಿಗುತ್ತದೆ.

ಗಾಳಿ ಇಳಿಸಿದ ಟೈರಿನ ಇನ್ನೊಂದು ಉಪಕಾರ ಗಾಡಿಗಲ್ಲ, ದಾರಿಗೆ. ನಿಂತಲ್ಲೇ ಸುತ್ತದ ಚಕ್ರ ಮಣ್ಣು ಕೀಳುವುದಿಲ್ಲ. ಪಶ್ಚಿಮ ಘಟ್ಟದ ಎಸ್ಟೇಟ್ ದಾರಿಗಳನ್ನು ಉಳಿಸಿಕೊಂಡು ಬಂದದ್ದು ಕಲ್ಲು ಹಾಸಿದ್ದಕ್ಕಿಂತ ಹೆಚ್ಚಾಗಿ ಅಡ್ಡ ಚರಂಡಿಗಳು. ಇಳಿಜಾರಿನಲ್ಲಿ ಅಲ್ಲಲ್ಲಿ ದಾರಿಗೆ ಓರೆಯಾಗಿ ಗುದ್ದಲಿಯಲ್ಲಿ ತೋಡಿದ ಗೇಣಗಲದ ಕಾಲುವೆಗಳು ಮಳೆನೀರನ್ನು ದಾರಿಯ ಮೇಲೆ ಓಡಗೊಡದೆ ಪಕ್ಕದ ಕಾಡಿಗೆ ಇಳಿಸುತ್ತವೆ. ನೀರು ಓಡಿದಷ್ಟೂ ವೇಗ ಗಳಿಸುತ್ತದೆ, ವೇಗ ಗಳಿಸಿದಷ್ಟೂ ಕೊರೆಯುತ್ತದೆ. ಆದ್ದರಿಂದ ಕಡಿದಾದ ಇಳಿಜಾರಿನಲ್ಲಿ ಚರಂಡಿಗಳು ಹತ್ತಿರ ಹತ್ತಿರ, ಕಡಿಮೆ ಇಳಿಜಾರಿನಲ್ಲಿ ದೂರ ದೂರ ಇರಬೇಕು. ಗಾಡಿಗಳ ಗುಂಪು ಒಂದು ಮಧ್ಯಾಹ್ನ ಚಕ್ರ ಸುತ್ತಿಸಿ ಏರಿದರೆ ಚರಂಡಿಯ ಕೆಳದಂಡೆ ಒಡೆಯುತ್ತದೆ, ನೀರು ಚಕ್ರದ ಹಳಿ ಹಿಡಿದು ಕೆಳಗಿನ ಚರಂಡಿಯವರೆಗೂ ಓಡಿ ಅದನ್ನೂ ಒಡೆಯುತ್ತದೆ, ಒಂದೇ ಮಳೆಗಾಲದಲ್ಲಿ ದಾರಿ ಹೋಗಿ ಕೊರಕಲಾಗುತ್ತದೆ. ದಾರಿ ಬಿಟ್ಟು ಶೋಲಾ ಹುಲ್ಲುಗಾವಲಿನ ಮೇಲೆ ಹತ್ತಿಸಿದರಂತೂ ಆ ಗೀರು ಮಾಯಲು ವರ್ಷಗಳು ಬೇಕು. ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧವೇ. ಎಲ್‌ಇಡಿ ದೀಪದ ಜಾಗದಲ್ಲಿ ಒಂದು ಗುದ್ದಲಿ ಕಟ್ಟಿಕೊಂಡು ಹೋದರೆ, ಒಡೆದ ದಂಡೆಯನ್ನು ಕಟ್ಟಿ ಬರಲು ಅರ್ಧ ಗಂಟೆ ಸಾಕು. ಚರಂಡಿಯ ಓರೆ ಎಷ್ಟಿರಬೇಕು ಎಂಬುದನ್ನು ಮಾತ್ರ ತೋಟದ ಹಳೆಯ ಆಳುಗಳನ್ನು ಕೇಳಿ ತಿಳಿಯಬೇಕು. ತೀರ ಅಡ್ಡವಾದರೆ ಹೂಳು ತುಂಬುತ್ತದೆ, ತೀರ ಓರೆಯಾದರೆ ಚರಂಡಿಯೇ ಕೊಚ್ಚಿಹೋಗುತ್ತದೆ, ಆ ನಡುವಿನ ಹದ ಮಣ್ಣಿನಿಂದ ಮಣ್ಣಿಗೆ ಬೇರೆ.